ವೀಣೆ ಪಾಠದ ಕೋಣೆಗೆ ಸದ್ದಿಲ್ಲದ ಪುಟ್ಟ ಕಂಪ್ಯೂಟರ್: ಯಾವ ಪ್ರೊಸೆಸರ್ ತಗೊಳ್ಳಲಿ?

ಪ್ರಶ್ನೆ: ನಾವು ಬೆಂಗಳೂರಿನ ಹನುಮಂತನಗರದಲ್ಲಿದ್ದೇವೆ. ನನ್ನ ಹೆಂಡತಿ ಹೊರದೇಶದ ಮಕ್ಕಳಿಗೆ ಜೂಮ್‌ನಲ್ಲಿ ವೀಣೆ ಹೇಳಿಕೊಡುತ್ತಾಳೆ. ಬೆಳಗಿನ ಜಾವ ಮತ್ತು ರಾತ್ರಿ ಪಾಠ. ಹಗಲು ಅದೇ ಕೋಣೆಯಲ್ಲಿ ನಾನು ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಟ್ಯಾಲಿಯಲ್ಲಿ. ಹಳೆಯ ಕಂಪ್ಯೂಟರ್ ಕೆಟ್ಟು ಕೆಲವು ತಿಂಗಳಾಯಿತು. ಅದರ ಫ್ಯಾನ್ ಸದ್ದು ಪಾಠದಲ್ಲಿ ಕೇಳಿಸುತ್ತಿತ್ತು. ಹೊಸದು ಚಿಕ್ಕದಾಗಿರಬೇಕು, ಸದ್ದು ಮಾಡಬಾರದು. ಮನೆಯವರೆಲ್ಲರ ಫೋನಿನ ಫೋಟೊಗಳನ್ನೂ ಅದರಲ್ಲೇ ಇಡುವ ಆಸೆ, ಹಾಗಾಗಿ ದಿನವಿಡೀ ಆನ್ ಇರುತ್ತದೆ. ಬೇಸಿಗೆಯಲ್ಲಿ ನಮ್ಮ ಬಿಲ್ 185 ಯೂನಿಟ್ ತಲುಪುತ್ತದೆ. ಗೃಹಜ್ಯೋತಿ ಕೈತಪ್ಪೀತು ಎಂಬ ಭಯವೂ ಇದೆ. ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರಸ್ತೆಯಲ್ಲಿ ಒಬ್ಬರು 'ಇಂಟೆಲ್ ಎನ್100 ತಗೊಳ್ಳಿ, ಬರೀ 6 ವ್ಯಾಟ್' ಅಂದರು. ಇನ್ನೊಬ್ಬರು ಎಎಂಡಿ ಕಂಪನಿಯ ರೈಜನ್ 5 5600ಜಿ ಹಾಕಿ ಹೊಸದಾಗಿ ಜೋಡಿಸಿಕೊಡುತ್ತೇನೆ ಅಂದರು. ಮೂರನೆಯವರು ಇಂಟೆಲ್‌ನ ಐ5-12500ಟಿ ಇರುವ, ಆಫೀಸಿನಲ್ಲಿ ಬಳಸಿದ ಪುಟ್ಟ ಡಬ್ಬಿ ತೋರಿಸಿದರು. ಯಾವುದು ಸರಿ?

ಉತ್ತರ: ಮೂರನೆಯದನ್ನು ತಗೊಳ್ಳಿ. ಐ5-12500ಟಿ ಇರುವ ಆ ಆಫೀಸ್ ಡಬ್ಬಿ ನಿಮ್ಮ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ತಂದು ಹಾಗೆಯೇ ಆನ್ ಮಾಡಬೇಡಿ, ಒಂದಷ್ಟು ಸೆಟ್ಟಿಂಗ್ ಬದಲಾಯಿಸಬೇಕು. ಕಾರಣವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಹೇಳಿದ್ದೇ ಮಾದರಿ ಸಿಗದೇ ಹೋದರೆ ಬೇರೆಯದನ್ನು ನೀವೇ ಅಳೆದು ಆರಿಸಬಹುದು.

ಮೊದಲು ಆ 6 ವ್ಯಾಟ್ ಮಾತು. ಅಂಗಡಿಯವರು ಹೇಳುವ 6, 35, 65 ಎಂಬ ಅಂಕಿಗಳು ನಿಮ್ಮ ಮೀಟರ್ ಓಡುವ ಅಂಕಿಗಳಲ್ಲ. ಪ್ರೊಸೆಸರ್ ತನ್ನ ಮೂಲ ವೇಗದಲ್ಲಿ ಬಿಡುವಿಲ್ಲದೆ ದುಡಿದರೆ ಎಷ್ಟು ಶಾಖವನ್ನು ಹೊರಗೆ ಹಾಕಬೇಕಾಗುತ್ತದೆ ಎಂದು ಕೂಲರ್ ಮಾಡುವವರಿಗೆ ತಿಳಿಸುವ ಲೆಕ್ಕ ಅದು. ಚಿಪ್ ಅದಕ್ಕಿಂತ ಎಷ್ಟೋ ಕಡಿಮೆಯಲ್ಲೂ ಇರುತ್ತದೆ, ಎಷ್ಟೋ ಜಾಸ್ತಿಯನ್ನೂ ಎಳೆಯುತ್ತದೆ. 12ನೇ ಪೀಳಿಗೆಯಿಂದ (ಚಿಪ್ಪಿನ ಅಂಕಿ 12ರಿಂದ ಶುರುವಾಗುವವು) ಇಂಟೆಲ್ ಎರಡು ಅಂಕಿಗಳನ್ನು ಬಿಡಿಸಿಯೇ ಹೇಳುತ್ತಿದೆ. ಐ5-12400ಕ್ಕೆ ಮೂಲ ಅಂಕಿ 65 ವ್ಯಾಟ್, ಟರ್ಬೊದಲ್ಲಿ, ಅಂದರೆ ಸ್ವಲ್ಪ ಹೊತ್ತು ಪೂರಾ ಜೋರಿನಲ್ಲಿ ಓಡುವಾಗ, 117 ವ್ಯಾಟ್. ನಿಮ್ಮ 12500ಟಿಗೆ 35 ಮತ್ತು 74. ಎನ್100ರ 6 ವ್ಯಾಟ್ ಕೂಡ ಹೀಗೆಯೇ. ಅದನ್ನು ಹಾಕಿ ಡಬ್ಬಿ ಮಾಡುವ ಎಷ್ಟೋ ಕಂಪನಿಗಳು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಮಿತಿಯನ್ನು 15 ವ್ಯಾಟ್‌ಗೋ ಅದಕ್ಕಿಂತ ಮೇಲಕ್ಕೋ ಏರಿಸಿಟ್ಟಿರುತ್ತವೆ. ಪರೀಕ್ಷೆಯಲ್ಲಿ ವೇಗವಾಗಿ ಕಾಣಲಿ ಅಂತ.

ಹಾಗಾದರೆ ಯಾವ ಅಂಕಿ ನೋಡಬೇಕು? ಖಾಲಿ ಕೂತಾಗ ಗೋಡೆಯ ಸಾಕೆಟ್‌ನಿಂದ ಎಷ್ಟು ವ್ಯಾಟ್ ಎಳೆಯುತ್ತದೆ ಎನ್ನುವುದನ್ನು. ನಿಮ್ಮ ದಿನವನ್ನೇ ನೋಡಿ. ಟ್ಯಾಲಿಯಲ್ಲಿ ಒಂದು ವೋಚರ್ ಹಾಕಿ ಮುಂದಿನ ಬಿಲ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಪ್ರೊಸೆಸರ್ ಸಾವಿರಾರು ಸಲ ನಿದ್ದೆಗೆ ಹೋಗಿ ಎದ್ದಿರುತ್ತದೆ. ಎರಡು ಕೀಲಿ ಒತ್ತುವ ನಡುವೆಯೂ ಅದಕ್ಕೆ ಕೆಲಸವಿಲ್ಲ. ಫೋಟೊ ಇಡುವ ಕೆಲಸವಂತೂ ದಿನಕ್ಕೆ ಕೆಲವೇ ನಿಮಿಷದ್ದು. 24 ಗಂಟೆ ಆನ್ ಇರುವ ಮನೆಯ ಕಂಪ್ಯೂಟರ್ ಹೆಚ್ಚು ಹೊತ್ತು ಸುಮ್ನೆ ಕೂತೇ ಇರುತ್ತದೆ. ಕರೆಂಟ್ ಬಿಲ್ ಬರೆಯುವುದು ಆ ಸುಮ್ನೆ ಕೂತ ಹೊತ್ತು.

ಅಂದಾಜು ಅಂಕಿ ಕೊಡುತ್ತೇನೆ. ಮಾನಿಟರ್ ಬಿಟ್ಟು ಬರೀ ಡಬ್ಬಿಯದ್ದು. ಎನ್100ರ ಪುಟ್ಟ ಡಬ್ಬಿ ಖಾಲಿ ಕೂತಾಗ ಸಾಮಾನ್ಯವಾಗಿ 6ರಿಂದ 10 ವ್ಯಾಟ್. ಒಂದು ಲೀಟರ್ ಗಾತ್ರದ, ಹೆಸರಿನ ಕೊನೆಯಲ್ಲಿ 'ಟಿ' ಇರುವ ಚಿಪ್ ಹಾಕಿದ ಆಫೀಸ್ ಡಬ್ಬಿ 8ರಿಂದ 15. 5600ಜಿ ಅಥವಾ 12400 ಹಾಕಿ, ಸಾಧಾರಣ 550 ವ್ಯಾಟಿನ ಪವರ್ ಸಪ್ಲೈ ಕೊಟ್ಟು ಜೋಡಿಸಿದ ಕಂಪ್ಯೂಟರ್ 25ರಿಂದ 35. ನೋಡಿ, ಮೊದಲೆರಡರ ನಡುವೆ ಅಂಥ ವ್ಯತ್ಯಾಸವೇ ಇಲ್ಲ. 6 ಮತ್ತು 35 ಎಂಬ ಅಂಕಿಗಳನ್ನು ಕೇಳಿದಾಗ ಆರು ಪಟ್ಟು ಅನ್ನಿಸುತ್ತದೆ ಅಲ್ವಾ? ಗೋಡೆಯಲ್ಲಿ ಅಳೆದರೆ ಮೂರ್ನಾಲ್ಕು ವ್ಯಾಟ್, ಅಷ್ಟೇ.

ಇದನ್ನು ನಿಮ್ಮ 185 ಯೂನಿಟ್‌ಗೆ ಹಾಕಿ ನೋಡೋಣ. ದಿನಕ್ಕೆ 8 ಗಂಟೆ ಬಳಕೆ, 16 ಗಂಟೆ ಖಾಲಿ ಅಂತ ಇಟ್ಟುಕೊಳ್ಳಿ. 12500ಟಿ ಡಬ್ಬಿ ಬಳಸುವಾಗ ಸರಾಸರಿ 20 ವ್ಯಾಟ್, ಖಾಲಿ ಇದ್ದಾಗ 10 ವ್ಯಾಟ್ ಎಂದರೆ ದಿನಕ್ಕೆ 320 ವ್ಯಾಟ್-ಅವರ್. ತಿಂಗಳಿಗೆ 9.6 ಯೂನಿಟ್. ಎನ್100 ಆದರೆ, 12 ಮತ್ತು 7 ವ್ಯಾಟ್ ಹಿಡಿದು, ತಿಂಗಳಿಗೆ 6.2 ಯೂನಿಟ್. ಹೊಸದಾಗಿ ಜೋಡಿಸಿದ 5600ಜಿ, 50 ಮತ್ತು 30 ವ್ಯಾಟ್ ಹಿಡಿದರೆ, 26.4 ಯೂನಿಟ್. 12500ಟಿ, ಎನ್100 ಎರಡರಲ್ಲಿ ಯಾವುದನ್ನು ತಂದರೂ ನೀವು 195ರ ಒಳಗೆ ಇರುತ್ತೀರಿ. 5600ಜಿ ನಿಮ್ಮನ್ನು 211ಕ್ಕೆ ಒಯ್ಯುತ್ತದೆ.

ಗೃಹಜ್ಯೋತಿಯಲ್ಲಿ ಈ ವ್ಯತ್ಯಾಸ ತುಂಬಾ ದೊಡ್ಡದು. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಯೂನಿಟ್ ಎಷ್ಟು ಅಂತ ಗೊತ್ತು ಮಾಡಿರುತ್ತಾರೆ. ಅದನ್ನು ಮೀರಿದರೂ 200ರ ಒಳಗಿದ್ದರೆ ಮೀರಿದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದ ತಿಂಗಳು ಇಡೀ ಬಿಲ್ ನಿಮ್ಮದೇ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೂ 1,200 ರೂಪಾಯಿ ದಾಟುತ್ತದೆ, ಫಿಕ್ಸೆಡ್ ಚಾರ್ಜ್ ಬೇರೆ. ಪ್ರೊಸೆಸರ್ ಆರಿಸುವಾಗ ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ. ನಿಮ್ಮಂಥ ಮನೆಗಳಿಗೆ ಇದೇ ಮುಖ್ಯ ಅಂತ ನನಗನ್ನಿಸುತ್ತದೆ. ಮಾನಿಟರನ್ನೂ ಮರೆಯಬೇಡಿ. ಅದೊಂದೇ 15ರಿಂದ 25 ವ್ಯಾಟ್ ತಿನ್ನುತ್ತದೆ. ಐದು ನಿಮಿಷ ಬಳಸದಿದ್ದರೆ ಆಫ್ ಆಗುವ ಹಾಗೆ ಇಡಿ.

5600ಜಿ ಜೋಡಣೆಯಲ್ಲಿ ಕರೆಂಟ್ ಜಾಸ್ತಿ ಹೋಗುವುದು ಪ್ರೊಸೆಸರಿನ ತಪ್ಪಲ್ಲ. ಹೆಚ್ಚಿನ ಪಾಲು ಪವರ್ ಸಪ್ಲೈಯದ್ದು. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಗುರುತು ಇರುತ್ತದಲ್ಲ, ಅವನ್ನು ಕೊಡುವುದು ಪವರ್ ಸಪ್ಲೈ ಮೇಲೆ ಶೇಕಡಾ 20, 50, 100 ಹೊರೆ ಹಾಕಿ ಅಳೆದು. ನಿಮ್ಮ ಕಂಪ್ಯೂಟರ್ ಖಾಲಿ ಕೂತಾಗ ಎಳೆಯುವುದು 550 ವ್ಯಾಟಿನ ಸಪ್ಲೈಯ ಶೇಕಡಾ 4-5 ಮಾತ್ರ. ಅಷ್ಟು ಕಡಿಮೆ ಹೊರೆಯಲ್ಲಿ ಅದು ಎಷ್ಟು ಪೋಲು ಮಾಡುತ್ತದೆ ಅಂತ ಆ ಗುರುತು ಏನೂ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಥರದ 65 ಅಥವಾ 90 ವ್ಯಾಟಿನ ಅಡಾಪ್ಟರ್ ಈ ವಿಷಯದಲ್ಲಿ ಬಹಳ ವಾಸಿ. ಅದಕ್ಕೆ ಫ್ಯಾನೂ ಇರುವುದಿಲ್ಲ. ಆಫೀಸ್ ಡಬ್ಬಿಗಳು ಇಷ್ಟು ಕಡಿಮೆ ಕರೆಂಟಿನಲ್ಲಿ ನಡೆಯುವುದಕ್ಕೆ ಅರ್ಧ ಕಾರಣ ಇದು. ಉಳಿದರ್ಧ ಕಾರಣ ಬೋರ್ಡ್. ಪ್ರೊಸೆಸರ್ ಆಳದ ನಿದ್ದೆಗೆ ಇಳಿಯಬೇಕಾದರೆ ಬೋರ್ಡಿನ ಮೇಲಿರುವ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್), ನೆಟ್‌ವರ್ಕ್ ಚಿಪ್ ಎಲ್ಲವೂ ಒಪ್ಪಬೇಕು. ಒಂದು ಎಚ್ಚರವಾಗಿದ್ದರೂ ಉಳಿದವು ಅರೆನಿದ್ದೆಯಲ್ಲೇ ಇರುತ್ತವೆ. ದೊಡ್ಡ ಕಂಪನಿಗಳು ಆಫೀಸುಗಳಿಗೆ ಸಾವಿರಗಟ್ಟಲೆ ಮಾರುವ ಡಬ್ಬಿಗಳಲ್ಲಿ ಇದನ್ನು ಕೂತು ಸರಿಮಾಡಿರುತ್ತಾರೆ.

ಈಗ ಸದ್ದಿನ ವಿಷಯ. ನಿಮ್ಮ ಮನೆಯಲ್ಲಿ ಇದು ಬರೀ ಕಿರಿಕಿರಿಯ ಪ್ರಶ್ನೆಯಲ್ಲ. ಜೂಮ್ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಬರುವ ಧ್ವನಿಯನ್ನೆಲ್ಲ ಅದು ಗದ್ದಲ ಎಂದು ತಿಳಿದು ಅಳಿಸಿಹಾಕುತ್ತದೆ. ಫ್ಯಾನ್ ಸದ್ದು ಹೋಗುತ್ತದೆ, ಸರಿ. ಜೊತೆಗೆ ತಂಬೂರಿಯ ಶ್ರುತಿಯೂ ಹೋಗುತ್ತದೆ, ಮೀಟಿದ ಮೇಲೆ ಉಳಿಯುವ ವೀಣೆಯ ನಾದವೂ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಗಮಕ ಕಲಿಯುವ ಮಗುವಿಗೆ ಬೇಕಾದದ್ದೇ ಆ ಉಳಿದ ನಾದ. ಅದಕ್ಕೇ ಸಂಗೀತ ಕಲಿಸುವವರು 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್' ಎಂಬ ಸೆಟ್ಟಿಂಗ್ ಆನ್ ಮಾಡಿಕೊಳ್ಳುತ್ತಾರೆ. ಆಗ ಅಳಿಸುವ ಕೆಲಸ ನಿಲ್ಲುತ್ತದೆ. ವೀಣೆ ಪೂರ್ತಿ ಕೇಳಿಸುತ್ತದೆ, ಫ್ಯಾನ್ ಕೂಡ. ನಿಮ್ಮ ಹಳೆಯ ಕಂಪ್ಯೂಟರಿನ ಸದ್ದು ಪಾಠದಲ್ಲಿ ಕೇಳಿಸಿದ್ದು ಬಹುಶಃ ಹೀಗೆ. ಬೆಳಗಿನ ಜಾವ ಬೀದಿಯಲ್ಲಿ ಬೇರೆ ಸದ್ದೂ ಇರುವುದಿಲ್ಲ, ಮೈಕ್ ಎಲ್ಲವನ್ನೂ ಹೆಕ್ಕುತ್ತದೆ.

ಇನ್ನೂ ಒಂದು ವಿಷಯ ಇದೆ. ಒಂದೇ ಮಟ್ಟದಲ್ಲಿ ಮೆಲ್ಲಗೆ ತಿರುಗುವ ಫ್ಯಾನನ್ನು ಕಿವಿ ಮರೆಯುತ್ತದೆ. ಏರುತ್ತಾ ಇಳಿಯುತ್ತಾ ಇರುವ ಫ್ಯಾನನ್ನು ಮರೆಯುವುದಿಲ್ಲ. ಶ್ರುತಿಗೆ ಪಳಗಿದ ಕಿವಿಗಂತೂ ಅದು ಹಿಂಸೆ, ಏಕೆಂದರೆ ಫ್ಯಾನಿನ ವೇಗ ಬದಲಾದಾಗ ಅದರ ಸ್ವರವೂ ಜಾರುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು ಕಡಿಮೆ ಸದ್ದು ಮಾತ್ರವಲ್ಲ, ಬದಲಾಗದ ಸದ್ದು.

ಫ್ಯಾನ್ ಯಾಕೆ ಏರಿಳಿಯುತ್ತದೆ? ನೀವು ಜಿಎಸ್‌ಟಿ ಪೋರ್ಟಲ್‌ನ ಒಂದು ಪುಟ ತೆರೆದಾಗ ಪ್ರೊಸೆಸರ್ ಎರಡು ಸೆಕೆಂಡ್ ಪೂರಾ ಜೋರಿನಲ್ಲಿ ಓಡುತ್ತದೆ. ಆ ಎರಡು ಸೆಕೆಂಡಿನಲ್ಲಿ 12500ಟಿ 74 ವ್ಯಾಟಿನವರೆಗೂ ಹೋಗಬಹುದು. ಚಿಪ್ ಬೆರಳಿನ ಉಗುರಿನಷ್ಟು ಜಾಗ. ಅಷ್ಟು ಶಾಖ ಒಮ್ಮೆಗೇ ಬಂದರೆ ಕೂಲರ್‌ಗೆ ಹರಡುವ ಮೊದಲೇ ತಾಪಮಾನ 20-30 ಡಿಗ್ರಿ ನೆಗೆಯುತ್ತದೆ. ಫ್ಯಾನ್ ಅದನ್ನು ನೋಡಿ ಬೆದರಿ ಓಡುತ್ತದೆ. ಅದು ವೇಗ ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಮತ್ತೆ ಇಳಿಯುತ್ತದೆ. ದಿನವಿಡೀ ಇದೇ ಕಥೆ.

ಪರಿಹಾರ ಟರ್ಬೊ ಮಿತಿಯನ್ನು ಇಳಿಸುವುದು. ಇದರಿಂದ ವೇಗಕ್ಕೆ ಆಗುವ ನಷ್ಟ ಜನ ಹೆದರುವಷ್ಟು ಇಲ್ಲ. ಚಿಪ್ ಎಳೆಯುವ ವಿದ್ಯುತ್ತು ಅದರ ವೇಗಕ್ಕೆ ಮತ್ತು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ತಕ್ಕ ಹಾಗೆ ಏರುತ್ತದೆ. ವೇಗ ಏರಿಸಬೇಕಾದರೆ ವೋಲ್ಟೇಜ್ ಕೂಡ ಏರಿಸಬೇಕು. ಹಾಗಾಗಿ ಕೊನೆಯ ಅರ್ಧ ಗಿಗಾಹರ್ಟ್ಸ್ ಗಳಿಸಲು ಅತಿ ಜಾಸ್ತಿ ವಿದ್ಯುತ್ತು ಸುರಿಯಬೇಕು. ಸ್ಕೂಟರಿನಲ್ಲಿ 50ರಿಂದ 80ಕ್ಕೆ ಹೋದಾಗ ಪೆಟ್ರೋಲ್ ಮುಗಿಯುವ ರೀತಿ ನಿಮಗೆ ಗೊತ್ತಲ್ಲ, ಹಾಗೆ. 65 ವ್ಯಾಟ್‌ಗೆ ಬಿಟ್ಟ ಆರು ಕೋರ್‌ನ (ಕೋರ್ ಎಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಒಂದೊಂದು ಭಾಗ) ಚಿಪ್ಪನ್ನು 35ಕ್ಕೆ ಕಟ್ಟಿಹಾಕಿದರೆ, ಎಲ್ಲ ಕೋರ್‌ಗಳೂ ದುಡಿಯುವ ಭಾರಿ ಕೆಲಸದಲ್ಲಿ ಸರಿಸುಮಾರು ಐದನೇ ಒಂದು ಭಾಗ ವೇಗ ಕಳೆದುಕೊಳ್ಳುತ್ತೀರಿ. ಟ್ಯಾಲಿ, ಎಕ್ಸೆಲ್, ಬ್ರೌಸರ್ ಹೆಚ್ಚಾಗಿ ಒಂದೆರಡು ಕೋರ್‌ಗಳಲ್ಲೇ ನಡೆಯುತ್ತವೆ. ಅಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಹೀಗಾಗಿ 'ಟಿ' ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಟಿ ಚಿಪ್ ಎಂದರೆ ಬೇರೆ ಜಾತಿಯ ಚಿಪ್ ಅಲ್ಲ. ಅದೇ ಸಿಲಿಕಾನ್, ಮಿತಿಯನ್ನು ಕಾರ್ಖಾನೆಯಲ್ಲೇ ಇಳಿಸಿರುತ್ತಾರೆ. ಖಾಲಿ ಕೂತಾಗ 12500 ಮತ್ತು 12500ಟಿ ಎರಡೂ ಒಂದೇ. ಡಬ್ಬಿಯಲ್ಲಿ ಅದು ಹೇಗೂ ಇದೆ, ಒಳ್ಳೆಯದು. ಬಿಡಿ ಚಿಪ್ ಕೊಳ್ಳುವವರು ಮಾತ್ರ ಸಾಮಾನ್ಯ 12400 ತಗೊಂಡು ಬಯಾಸ್‌ನಲ್ಲಿ 35ಕ್ಕೆ ಇಳಿಸಿಕೊಂಡರೆ ಸಾಕು. ಚಿಪ್ಪಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಮುಟ್ಟಬೇಡಿ. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಹಾಕಬೇಕು, ಆಗ ಪುಟ್ಟದು, ಸದ್ದಿಲ್ಲದ್ದು ಎಂಬ ಮಾತೆಲ್ಲ ಮುಗಿದ ಹಾಗೆ.

ಇನ್ನು ಎನ್100 ಯಾಕೆ ಬೇಡ ಅಂದೆ? ಅದನ್ನು ನಾನು ಕೀಳಾಗಿ ನೋಡುವುದಿಲ್ಲ. 2023ರ ಜನವರಿಯಲ್ಲಿ ಬಂದ ಈ ಚಿಪ್ ಕಡಿಮೆ ಕರೆಂಟಿನ ಪುಟ್ಟ ಕಂಪ್ಯೂಟರುಗಳ ಲೋಕವನ್ನೇ ಬದಲಾಯಿಸಿತು. ವೀಣೆ ಪಾಠ ಒಂದೇ ಆಗಿದ್ದರೆ, ಫ್ಯಾನೇ ಇಲ್ಲದ, ಮೈಯೆಲ್ಲ ಅಲ್ಯುಮಿನಿಯಂ ರೆಕ್ಕೆಗಳಿರುವ ಎನ್100 ಡಬ್ಬಿಯನ್ನೇ ತಗೊಳ್ಳಿ ಎನ್ನುತ್ತಿದ್ದೆ. ಫ್ಯಾನ್ ಇಲ್ಲದ್ದಕ್ಕಿಂತ ಸದ್ದಿಲ್ಲದ್ದು ಇನ್ನೊಂದಿಲ್ಲವಲ್ಲ. ಆದರೆ ಅದರ ನಾಲ್ಕು ಕೋರ್‌ಗಳ ಒಟ್ಟು ಶಕ್ತಿ 2015ರ ಐ5-6500 ಸುಮಾರಿನದು. ರ್ಯಾಮ್‌ಗೆ ಒಂದೇ ಚಾನಲ್ (ಮಾಹಿತಿ ಓಡಾಡುವ ದಾರಿ), ಇಂಟೆಲ್ ಹೇಳುವ ಮಿತಿ 16 ಜಿಬಿ. ಟ್ಯಾಲಿಯಲ್ಲಿ ಒಂದು ಅಂಗಡಿಯ ಲೆಕ್ಕ ತೆರೆದು, ಪಕ್ಕದಲ್ಲಿ ಎಕ್ಸೆಲ್, ಬ್ರೌಸರಿನಲ್ಲಿ ಹತ್ತು ಟ್ಯಾಬ್ ಇಟ್ಟುಕೊಂಡರೆ ಅದು ನಿಧಾನವಾಗುವುದು ಗೊತ್ತಾಗುತ್ತದೆ. ಫೋಟೊ ತಂತ್ರಾಂಶಗಳು ಮುಖ ಗುರುತಿಸುವ ಕೆಲಸಕ್ಕೆ ಇಳಿದರೆ ಗಂಟೆಗಟ್ಟಲೆ ಅದೇ ನಡೆಯುತ್ತದೆ. ಫ್ಯಾನ್ ಇರುವ ಅಗ್ಗದ ಎನ್100 ಡಬ್ಬಿಗಳದ್ದು ಇನ್ನೊಂದು ತೊಂದರೆ. ಒಳಗಿರುವುದು ತೀರಾ ಸಣ್ಣ ಫ್ಯಾನ್. ಸಣ್ಣ ಫ್ಯಾನ್ ಅಷ್ಟೇ ಗಾಳಿ ತಳ್ಳಲು ಬಹಳ ಜೋರಾಗಿ ತಿರುಗಬೇಕು. ಸದ್ದೂ ತೆಳ್ಳಗೆ, ಕೀಚಲು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ದುಪ್ಪಟ್ಟಾದರೆ ಅಷ್ಟೇ ಏರುತ್ತದೆ. ಅದಕ್ಕೇ 6 ವ್ಯಾಟಿನ ಡಬ್ಬಿಯೊಂದು 35 ವ್ಯಾಟಿನ ಡಬ್ಬಿಗಿಂತ ಹೆಚ್ಚು ಕಿರುಚುವುದು ಸಾಧ್ಯ.

ಎನ್100 ಅಥವಾ ಅದರ ತಮ್ಮ ಎನ್150 ತಗೊಳ್ಳುವ ಬೇರೆ ಓದುಗರಿಗೆ ಒಂದು ಮಾತು. ಹೆಸರಿಲ್ಲದ ಕಂಪನಿಗಳ ಡಬ್ಬಿ ತಂದರೆ ಅದರಲ್ಲಿ ಬಂದ ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಳ್ಳಿ. ಕೆಲವು ಡಬ್ಬಿಗಳಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ಬಂದದ್ದು 2024ರಲ್ಲಿ ಬಯಲಾಗಿತ್ತು. ಗ್ರಾಹಕರ ಲೆಕ್ಕಪತ್ರ ಇಡುವ ಕಂಪ್ಯೂಟರಿನಲ್ಲಿ ಇದು ಆಟವಲ್ಲ.

ಎಎಂಡಿ ಬಗ್ಗೆ. 5600ಜಿ ಒಳ್ಳೆಯ ಚಿಪ್. ಆರು ಕೋರ್, ಗ್ರಾಫಿಕ್ಸ್ ಇಂಟೆಲ್‌ಗಿಂತ ಚೆನ್ನ. ಮಕ್ಕಳು ಸಣ್ಣಪುಟ್ಟ ಆಟ ಆಡುವ ಮನೆಯಾಗಿದ್ದರೆ ಅದನ್ನೋ, 2024ರಲ್ಲಿ ಬಂದ 8600ಜಿಯನ್ನೋ ಹೇಳುತ್ತಿದ್ದೆ. ನಿಮಗೆ ಆ ಗ್ರಾಫಿಕ್ಸ್ ಬೇಕಿಲ್ಲ. 5600ಜಿಗೆ ಒಂದು ಕೊರತೆಯೂ ಇದೆ. ಯೂಟ್ಯೂಬ್ ಈಗ ಹೆಚ್ಚು ಹೆಚ್ಚು ಬಳಸುತ್ತಿರುವ ಎವಿ1 ಎಂಬ ಬಗೆಯ ವಿಡಿಯೊವನ್ನು ಬಿಡಿಸುವ ಭಾಗ ಅದರೊಳಗಿಲ್ಲ. ಹಾಗಾದಾಗ ಪ್ರೊಸೆಸರಿನ ಕೋರ್‌ಗಳೇ ಆ ಕೆಲಸ ಮಾಡಬೇಕು. ಯೂಟ್ಯೂಬಿನಲ್ಲಿ ಸಂಗೀತ ಕಚೇರಿ ನೋಡುತ್ತಾ ಕೂತರೆ ಫ್ಯಾನ್ ಏರುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚೆಗೆ ಈ ಭಾಗ ಇದೆ, ಎನ್100ರಲ್ಲೂ ಇದೆ. ಎಎಂಡಿಯಲ್ಲಿ ಬೇಕೆಂದರೆ 8000ದ ಜಿ ಸರಣಿಗೆ ಹೋಗಿ. ರೈಜನ್ 5 7600 ಥರದ, ಹೆಸರಿನಲ್ಲಿ ಜಿ ಇಲ್ಲದ ಚಿಪ್ಪುಗಳು ಖಾಲಿ ಕೂತಾಗಲೂ ಜಾಸ್ತಿ ಎಳೆಯುತ್ತವೆ. ಅವುಗಳಲ್ಲಿ ಕೋರ್‌ಗಳು ಒಂದು ತುಂಡಿನಲ್ಲಿ, ಮೆಮೊರಿ ನೋಡಿಕೊಳ್ಳುವ ಭಾಗ ಇನ್ನೊಂದು ತುಂಡಿನಲ್ಲಿ. ಎರಡರ ನಡುವಿನ ದಾರಿ ಸದಾ ಎಚ್ಚರವಾಗಿರಬೇಕು. ಭಾರಿ ಕೆಲಸದಲ್ಲಿ ಅವು ಅದ್ಭುತ. 24 ಗಂಟೆ ಸುಮ್ನೆ ಇರುವ ಕೆಲಸಕ್ಕಲ್ಲ.

ಮ್ಯಾಕ್ ಮಿನಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 2024ರ ಕೊನೆಯಲ್ಲಿ ಬಂದ ಎಂ4 ಮಾದರಿ ಫ್ಯಾನ್ ಇರುವ ಈ ಎಲ್ಲವನ್ನೂ ಸದ್ದಿನಲ್ಲೂ ಕರೆಂಟಿನಲ್ಲೂ ಹಿಂದೆ ಹಾಕುತ್ತದೆ. ಪಾಠಕ್ಕೆ ಮಾತ್ರ ಆಗಿದ್ದರೆ ಯೋಚಿಸಬಹುದಿತ್ತು. ಟ್ಯಾಲಿಪ್ರೈಮ್ ಓಡುವುದು ವಿಂಡೋಸ್‌ನಲ್ಲಿ, ಹಾಗಾಗಿ ನಿಮಗೆ ಅದು ಆಗದು.

ಎಸ್‌ಪಿ ರಸ್ತೆಗೆ ಹೋದಾಗ ಏನು ನೋಡಬೇಕು? 12500ಟಿ ಸಿಗುವುದು ಹೆಚ್ಚಾಗಿ ಲೆನೊವೊ ಥಿಂಕ್‌ಸೆಂಟರ್ ಎಂ70ಕ್ಯೂ ಮೂರನೇ ತಲೆಮಾರು, ಡೆಲ್ ಆಪ್ಟಿಪ್ಲೆಕ್ಸ್ 7000 ಮೈಕ್ರೊ, ಎಚ್‌ಪಿಯ ಜಿ9 ಮಿನಿಗಳಲ್ಲಿ. ಕಂಪನಿಗಳು ಲೀಸ್ ಮುಗಿದ ಮೇಲೆ ಬಿಟ್ಟುಕೊಡುವ ಡಬ್ಬಿಗಳು ಇವು. ಮೇಲಿನ ಸ್ಟಿಕ್ಕರ್ ನಂಬಬೇಡಿ. ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಚಿಪ್ಪಿನ ಹೆಸರನ್ನು ಕಣ್ಣಾರೆ ನೋಡಿ. 'ಐ5' ಅಂತ ಮಾತ್ರ ಹೇಳಿ 6ನೇ, 7ನೇ ಪೀಳಿಗೆಯದ್ದನ್ನು ಕೈಗಿಡುವ ಅಂಗಡಿಗಳಿವೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ್ದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಹಾಗಾಗಿ ಆ ಹಳೆಯವು ಎಷ್ಟು ಅಗ್ಗವಾದರೂ ಬೇಡ. ಜಿಎಸ್‌ಟಿ ಬಿಲ್ ಕೇಳಿ, ವಾರಂಟಿಯನ್ನು ಅದರ ಮೇಲೆಯೇ ಬರೆಸಿಕೊಳ್ಳಿ. ಅಡಾಪ್ಟರ್ ಅದೇ ಕಂಪನಿಯದ್ದೇ ಎಂದು ನೋಡಿ. ಬೇರೆ ಕಂಪನಿಯ ಅಡಾಪ್ಟರ್ ಹಾಕಿದರೆ ಕೆಲವು ಡಬ್ಬಿಗಳು ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತವೆ.

ಆ ರಸ್ತೆಯ ಗದ್ದಲದಲ್ಲಿ ನಿಂತು ಫ್ಯಾನ್ ಸದ್ದು ಪರೀಕ್ಷಿಸಲು ಆಗುವುದಿಲ್ಲ. ಕಿವಿಯ ಬದಲು ಅಂಕಿ ನೋಡಿ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಏನೂ ಮಾಡದೆ ಹತ್ತು ನಿಮಿಷ ಬಿಟ್ಟಾಗ ಪ್ರೊಸೆಸರ್ ಪ್ಯಾಕೇಜ್ ಎಷ್ಟು ವ್ಯಾಟ್ ತೋರಿಸುತ್ತದೆ, ಫ್ಯಾನ್ ಎಷ್ಟು ಆರ್‌ಪಿಎಂ ಇದೆ, ಅದು ನಿಂತಲ್ಲೇ ನಿಲ್ಲುತ್ತದೆಯೇ, ಏರಿಳಿಯುತ್ತದೆಯೇ ನೋಡಿ. ಆಮೇಲೆ ಕಿವಿಯನ್ನು ಡಬ್ಬಿಗೆ ಹತ್ತಿರ ತಂದು, ಗರಗರ ಸದ್ದು ಇದೆಯೇ ಅಂತಷ್ಟೇ ಗಮನಿಸಿ. ಬೇರಿಂಗ್ ಸವೆದಿದ್ದರೆ ಆ ಗದ್ದಲದಲ್ಲೂ ಗೊತ್ತಾಗುತ್ತದೆ. ಫ್ಯಾನ್ ಬದಲಾಯಿಸಿ ಹೊಸ ಥರ್ಮಲ್ ಪೇಸ್ಟ್ (ಚಿಪ್ಪಿನ ಶಾಖವನ್ನು ಕೂಲರ್‌ಗೆ ದಾಟಿಸುವ ಲೇಪ) ಹಾಕಿಕೊಡಿ ಎಂದು ಕೇಳಿ. ಪೇಸ್ಟ್ ಒಣಗಿರುವುದು ಸಾಮಾನ್ಯ, ಬದಲಾಯಿಸಿದ ಮೇಲೆ ತಾಪಮಾನ ಚೆನ್ನಾಗಿಯೇ ಇಳಿಯಬಹುದು. ರ್ಯಾಮ್ 8 ಜಿಬಿಯ ಎರಡು ಪಟ್ಟಿ ಇರಲಿ, 16ರ ಒಂದೇ ಪಟ್ಟಿ ಬೇಡ. ಗ್ರಾಫಿಕ್ಸ್ ಕೂಡ ಆ ರ್ಯಾಮನ್ನೇ ಬಳಸುವುದರಿಂದ ಎರಡು ದಾರಿ ಇದ್ದರೆ ಒಳ್ಳೆಯದು. ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆಸಿ, ಎಸ್‌ಎಸ್‌ಡಿ ಮಾತ್ರ ಇರಲಿ.

ಮನೆಗೆ ತಂದ ಮೇಲೆ ಬಯಾಸ್‌ಗೆ ಹೋಗಿ. ಲೆನೊವೊದಲ್ಲಿ 'ಇಂಟೆಲಿಜೆಂಟ್ ಕೂಲಿಂಗ್', ಡೆಲ್‌ನಲ್ಲಿ 'ಥರ್ಮಲ್ ಮ್ಯಾನೇಜ್‌ಮೆಂಟ್' ಎಂಬ ಆಯ್ಕೆ ಹುಡುಕಿ, ಸದ್ದು ಕಡಿಮೆ ಇರುವುದನ್ನು ಆರಿಸಿ. ಎಚ್‌ಪಿಯಲ್ಲಿ ಖಾಲಿ ಇದ್ದಾಗಿನ ಫ್ಯಾನ್ ವೇಗವನ್ನು ಹೆಚ್ಚಿಸುವ ಆಯ್ಕೆ ಇರುತ್ತದೆ, ಅದು ಸೊನ್ನೆ ಇರಲಿ. ಈ ಆಫೀಸ್ ಡಬ್ಬಿಗಳ ಬಯಾಸ್‌ನಲ್ಲಿ ಟರ್ಬೊ ವ್ಯಾಟನ್ನು ಇಷ್ಟೇ ಎಂದು ಕಟ್ಟುವ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ವಿಂಡೋಸ್‌ನಲ್ಲೇ ದಾರಿಯಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಹೊಸ ಪವರ್ ಪ್ಲ್ಯಾನ್ ಮಾಡಿ 'ಪಾಠ' ಅಂತ ಹೆಸರಿಡಿ. ಅದರಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 100ರಿಂದ 99ಕ್ಕೆ ಇಳಿಸಿ. ಆ ಒಂದು ಅಂಕಿ ಇಳಿಸಿದರೆ ಟರ್ಬೊ ನಿಲ್ಲುತ್ತದೆ. ಚಿಪ್ ತನ್ನ ಮೂಲ ವೇಗವಾದ 2 ಗಿಗಾಹರ್ಟ್ಸ್‌ನಲ್ಲಿ ಉಳಿಯುತ್ತದೆ. ಆರು ಕೋರ್ ಇರುವುದರಿಂದ ಜೂಮ್‌ಗೆ ಅದು ಧಾರಾಳ. ಶಾಖದ ನೆಗೆತ ಇಲ್ಲ, ಹಾಗಾಗಿ ಫ್ಯಾನಿನ ಏರಿಳಿತವೂ ಇಲ್ಲ. ಹಗಲು ನೀವು ಟ್ಯಾಲಿ ತೆರೆಯುವಾಗ ಮಾಮೂಲಿ ಪ್ಲ್ಯಾನ್‌ಗೆ ಮರಳಿ. ಅಂದಹಾಗೆ ಜೂಮ್‌ನಲ್ಲಿ ಹಿನ್ನೆಲೆ ಮಸುಕು ಮಾಡುವ ಆಯ್ಕೆಯನ್ನು ಆಫ್ ಮಾಡಿ. ಇಡೀ ಪಾಠದ ಹೊತ್ತು ಅದು ಸುಮ್ನೆ ಪ್ರೊಸೆಸರನ್ನು ದುಡಿಸುತ್ತದೆ.

ತಾಪಮಾನ 70, 80 ಡಿಗ್ರಿ ತೋರಿಸಿತು ಎಂದು ಗಾಬರಿಯಾಗಬೇಡಿ. ಈ ಚಿಪ್ಪಿನ ಮಿತಿ 100 ಡಿಗ್ರಿ. ಫ್ಯಾನ್ ಮೆಲ್ಲಗೆ ತಿರುಗಲಿ ಎಂದರೆ ಚಿಪ್ ಸ್ವಲ್ಪ ಬಿಸಿ ಇರುವುದನ್ನು ಒಪ್ಪಬೇಕು. ಆದರೆ ಬೆಂಗಳೂರು ತಣ್ಣಗಿನ ಊರು ಎಂದು ನಂಬಿ ಲೆಕ್ಕ ಹಾಕಬೇಡಿ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಸುಮಾರು ಅಷ್ಟೇ ಬಿಸಿಯಾಗುತ್ತದೆ. ಡಿಸೆಂಬರಿನಲ್ಲಿ ಸದ್ದೇ ಇಲ್ಲದ ಡಬ್ಬಿ ಏಪ್ರಿಲ್ ಮಧ್ಯಾಹ್ನ ಮಾತಾಡಲು ಶುರು ಮಾಡುವುದು ಅದಕ್ಕೇ. ನಿಮ್ಮ ಪಾಠ ಬೆಳಗಿನ ಜಾವ ಮತ್ತು ರಾತ್ರಿ ಇರುವುದು ಈ ವಿಷಯದಲ್ಲಿ ಅನುಕೂಲ. ಧೂಳು ಇನ್ನೊಂದು. ಅಕ್ಕಪಕ್ಕ ಎಲ್ಲಾದರೂ ಕಟ್ಟಡ ಏಳುತ್ತಲೇ ಇರುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಬ್ಲೋವರ್‌ನಿಂದ ಊದಿ, ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಡಬ್ಬಿಯನ್ನು ಎಲ್ಲಿಡುತ್ತೀರಿ ಎನ್ನುವುದು ಚಿಪ್ಪಿನ ಆಯ್ಕೆಯಷ್ಟೇ ಮುಖ್ಯ. ಮೈಕ್‌ನಿಂದ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರ್‌ನಿಂದ 2 ಮೀಟರ್‌ಗೆ ಸರಿಸಿದರೆ 12. ಗೋಡೆಗಳಿಗೆ ಬಡಿದು ಬರುವ ಸದ್ದಿನಿಂದ ಒಂದಷ್ಟು ಕಡಿಮೆ ಸಿಕ್ಕಬಹುದು, ಆದರೂ ಯಾವ ದುಬಾರಿ ಕೂಲರ್ ಕೂಡ ಇಷ್ಟು ಲಾಭ ಕೊಡುವುದಿಲ್ಲ. 3 ಮೀಟರಿನ ಎಚ್‌ಡಿಎಂಐ ಕೇಬಲ್ ಮತ್ತು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಸಾಕು. ಮರದ ಮೇಜಿನ ಮೇಲೆ ಇಡುವುದಾದರೆ ಕೆಳಗೆ ರಬ್ಬರ್ ತುಂಡು ಹಾಕಿ. ಇಲ್ಲದಿದ್ದರೆ ಫ್ಯಾನಿನ ನಡುಕವನ್ನು ಮೇಜೇ ದೊಡ್ಡದು ಮಾಡುತ್ತದೆ, ಅದೇ ಮೇಜಿನ ಮೇಲೆ ಮೈಕ್ ಇದ್ದರಂತೂ ನೇರ ಪಾಠಕ್ಕೇ ಹೋಗುತ್ತದೆ. ಬೀರುವಿನೊಳಗೆ ಮಾತ್ರ ಮುಚ್ಚಿಡಬೇಡಿ.

ಫೋಟೊಗಳಿಗಾಗಿ ನಿಜವಾಗಿಯೂ 24 ಗಂಟೆ ಆನ್ ಇರಬೇಕೇ? ಸಂಜೆ ಒಂದೆರಡು ಗಂಟೆಯಲ್ಲಿ ಎಲ್ಲರ ಫೋನ್‌ನಿಂದ ಫೋಟೊ ಬಂದುಬಿಡುತ್ತದೆ. ರಾತ್ರಿ ಪಾಠ ಮುಗಿದ ಮೇಲೆ ಸ್ಲೀಪ್‌ಗೆ ಹೋಗಲಿ, ಬೆಳಗಿನ ಪಾಠಕ್ಕೆ ಹತ್ತು ನಿಮಿಷ ಮೊದಲು ತಾನೇ ಏಳುವ ಹಾಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಮಯ ಇಡಬಹುದು. ಸ್ಲೀಪ್‌ನಲ್ಲಿ ಒಂದೆರಡು ವ್ಯಾಟ್ ಹೋಗುತ್ತದೆ ಅಷ್ಟೇ. ಫೋಟೊಗಳ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ, ಅದನ್ನು ಬೇಕಾದಾಗ ಮಾತ್ರ ಚುಚ್ಚಿ. ಕರೆಂಟ್ ಹೋದಾಗ ಪಾಠ ನಿಲ್ಲಬಾರದು ಎಂದರೆ ರೌಟರ್‌ಗೆ ಹಾಕುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಆಗದು. ಈ ಡಬ್ಬಿಗಳಿಗೆ ಬೇಕಾದದ್ದು 19-20 ವೋಲ್ಟ್. ಮಾಮೂಲಿ 600 ವಿಎ ಯುಪಿಎಸ್ ತಗೊಳ್ಳಿ. ಎಳೆಯುವುದೇ ಕಡಿಮೆ, ಹಾಗಾಗಿ ಅಷ್ಟರಲ್ಲೇ ತುಂಬಾ ಹೊತ್ತು ಬರುತ್ತದೆ.

12500ಟಿ ಸಿಗದಿದ್ದರೆ 12400ಟಿ ತಗೊಳ್ಳಿ, ನಿಮ್ಮ ಕೆಲಸಕ್ಕೆ ಎರಡೂ ಒಂದೇ. ಐ3-12100ಟಿ ಬಹಳ ಅಗ್ಗಕ್ಕೆ ಬಂದರೆ ಅದೂ ಆಗುತ್ತದೆ, ನಾಲ್ಕು ಕೋರ್ ಆದರೂ ಎನ್100ಕ್ಕಿಂತ ಎಷ್ಟೋ ಚುರುಕು. 10500ಟಿ ಇರುವ ಹಳೆಯದ್ದು ಇನ್ನೂ ಕಡಿಮೆಗೆ ಸಿಗಬಹುದು, ಎವಿ1 ಇಲ್ಲ ಎನ್ನುವುದು ನೆನಪಿರಲಿ. 13 ಮತ್ತು 14ನೇ ಪೀಳಿಗೆಯ ಐ7, ಐ9 ಡೆಸ್ಕ್‌ಟಾಪ್ ಚಿಪ್ಪುಗಳನ್ನು ಬಳಸಿದ್ದು ಅಂತ ಕೊಟ್ಟರೆ ಬೇಡ ಅನ್ನಿ. ವೋಲ್ಟೇಜ್ ಜಾಸ್ತಿಯಾಗಿ ಹಾಳಾಗುವ ತೊಂದರೆ ಅವುಗಳಲ್ಲಿತ್ತು, ಇಂಟೆಲ್ 2024ರಲ್ಲಿ ವಾರಂಟಿಯನ್ನೇ ಎರಡು ವರ್ಷ ಹೆಚ್ಚಿಸಬೇಕಾಯಿತು. ಕೊಂಡ ಮೇಲೆ ಮೊದಲ ವಾರ ಸಾಕೆಟ್‌ಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ನಡುವೆ ಇಟ್ಟು ನೋಡಿ. ಖಾಲಿ ಕೂತಾಗ 15 ವ್ಯಾಟ್ ಮೀರುತ್ತಿದ್ದರೆ ಹಿನ್ನೆಲೆಯಲ್ಲಿ ಏನೋ ಓಡುತ್ತಿದೆ, ಇಲ್ಲವೇ ಎಸ್‌ಎಸ್‌ಡಿ ನಿದ್ದೆಗೆ ಬಿಡುತ್ತಿಲ್ಲ. ವಾರಂಟಿ ಇರುವಾಗಲೇ ಅಂಗಡಿಗೆ ಒಯ್ದು ಎಸ್‌ಎಸ್‌ಡಿ ಬದಲಾಯಿಸಿಕೊಳ್ಳಿ.